ಹನ್ನೆರಡನೆಯ ಅರ್ಜಿಯನ್ನು ಮಂಜೂರು ಮಾಡಿದ ಸರಪಂಚರಿಗೆ

ಹಿತ್ತಲಕೇರಿ, ಅಂಕೋಲಾ ತಾಲೂಕು
ಅಕ್ಟೋಬರ್ 1936

ಹಿತ್ತಲಕೇರಿ ಗ್ರಾಮ ಪಂಚಾಯತಿಯ ಸರಪಂಚರೂ, ನವೀನ ಗ್ರಾಮರಚನೆಯ ಕರ್ತೃಗಳೂ, ನಾಲ್ಕು ಬಣ್ಣದ ಶಾಯಿಯ ನಕಾಶೆಗೆ ಜನ್ಮದಾತರೂ ಆದ ಶ್ರೀಯುತ ದೇವಾನಂದರಾಯರಿಗೆ, ಅದೇ ಊರಿನ ಹೊನ್ನೆಮರದ ಎದುರಿನ ಮನೆಯಲ್ಲಿರುವ ನಿವೃತ್ತ ಕಾರಕೂನ ತುಳಸಿದಾಸ ವಿಠೋಬಾ ರಾಯಕರನು ಊರ ಸಮಸ್ತರ ಎದುರಿನಲ್ಲಿ ಎರಡೂ ಕೈ ಜೋಡಿಸಿ ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಪಂಚರೂ ಕ್ಷೇಮವಾಗಿದ್ದೀರೆಂದೂ, ಈ ಸಲದ ಮಳೆಯಲ್ಲಿ ತಮ್ಮ ನಕಾಶೆಗೆ ಬೂಷ್ಟು ಹಿಡಿದಿಲ್ಲವೆಂದೂ ನಂಬಿ ಈ ಪತ್ರವನ್ನು ಆರಂಭಿಸುತ್ತೇನೆ. ಸರಕಾರಿ ಕಚೇರಿಗಳ ಮೇಲೆ ದೂರು ಬರೆಯುವವರೆಲ್ಲ ತಮ್ಮ ಅರ್ಜಿಗೆ ಉತ್ತರ ಬರಲಿಲ್ಲವೆಂದು ಬರೆಯುತ್ತಾರೆ. ನನ್ನ ದೂರು ಹಾಗಲ್ಲ. ತಾವು ನನ್ನ ಅರ್ಜಿಯನ್ನು ಓದಿದಿರಿ, ಒಪ್ಪಿದಿರಿ, ಒಂಬತ್ತೇ ದಿನಗಳಲ್ಲಿ ಅದನ್ನು ಕಾರ್ಯರೂಪಕ್ಕೂ ತಂದಿರಿ. ಇಂಥ ಅನ್ಯಾಯವನ್ನು ನಾನು ಕಾರವಾರದ ಕಚೇರಿಯಲ್ಲಿ ಮೂವತ್ತೊಂದು ವರ್ಷ ಅರ್ಜಿಗಳ ನಕಲು ಬರೆಯುತ್ತ ಕುಳಿತಾಗಲೂ ಕಂಡವನಲ್ಲ.

ನಡೆದದ್ದನ್ನು ಊರವರ ತಿಳುವಳಿಕೆಗಾಗಿ ಮೊದಲಿನಿಂದ ಹೇಳುವುದು ಅವಶ್ಯ.

ನಾನು ಪೆನ್ಶನ್ ಪಡೆದು ಈ ಊರಿಗೆ ಬಂದು ಮನೆ ಕಟ್ಟಿಸಿದಾಗ ಎದುರಿನ ಹೊನ್ನೆಮರದ ಕೆಳಗೆ ಹಾಲಕ್ಕಿ ಹೆಂಗಸರು ತರಕಾರಿ ಮಾರಲು ಕೂರುತ್ತಿದ್ದರು. ಅಗಸೂರಿನಿಂದ ಸುಬ್ಬಿ, ಹೊಳೆಯ ಆಚೆಯಿಂದ ಕಾಮಿ, ಇನ್ನೂ ಆರು ಮಂದಿ, ತಲೆಯ ಮೇಲೆ ಬುಟ್ಟಿ, ಬಾಯಿ ತುಂಬ ಮಾತು. ಸುಬ್ಬಿ ಎಲ್ಲರಿಗಿಂತ ಹಿರಿಯಳು, ಗಟ್ಟಿ ಗಂಟಲಿನವಳು. ಅವಳು ಹರಿವೆ ಸೊಪ್ಪಿನ ಗುಣಗಾನ ಆರಂಭಿಸಿದರೆ ನಾನು ಒಳಕೋಣೆಯಲ್ಲಿ ಓದುತ್ತಿದ್ದ ಪತ್ರಿಕೆಯ ಸಾಲು ತಪ್ಪುತ್ತಿತ್ತು. ಅದರ ಮೇಲೆ ನಗು. ಒಬ್ಬಳು ನಕ್ಕರೆ ಎಂಟು ಜನ ನಗುತ್ತಿದ್ದರು, ಯಾಕೆಂದು ಒಂಬತ್ತನೆಯವನಾದ ನನಗೆ ತಿಳಿಯುತ್ತಿರಲಿಲ್ಲ.

ಜೀವಮಾನವೆಲ್ಲ ಪರರ ಅರ್ಜಿ ಬರೆದವನ ಬೆರಳು ಪೆನ್ಶನ್ ಬಂದ ಮಾತ್ರಕ್ಕೆ ಸುಮ್ಮನಿರುವುದಿಲ್ಲ. ನಾನು ತಮ್ಮ ಪಂಚಾಯತಿಗೆ ಒಂದು ಅರ್ಜಿ ಬರೆದೆ, ಗದ್ದಲದ ಬಗ್ಗೆ. 'ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂತು. ಬುಟ್ಟಿಯಿಂದ ಉದುರಿದ ಸೊಪ್ಪು ತಿನ್ನಲು ಬರುವ ದನಗಳ ಬಗ್ಗೆ ಬರೆದೆ. ಎಲೆಯಡಿಕೆ ಕವಳದ ಉಗುಳಿನ ಬಗ್ಗೆ ಬರೆದೆ. ನಗುವಿನ ಬಗ್ಗೆ ಪ್ರತ್ಯೇಕವಾಗಿ ಎರಡು ಬರೆದೆ. ಮೂರು ವರ್ಷಗಳಲ್ಲಿ ಹನ್ನೊಂದು ಅರ್ಜಿಗಳಾದವು, ಹನ್ನೊಂದೂ ಪರಿಶೀಲನೆಯಲ್ಲಿ ಸುಖವಾಗಿ ಮಲಗಿದವು. ನನಗೆ ಬರೆಯುವ ಸುಖ, ಪಂಚಾಯತಿಗೆ ಬದಿಗಿಡುವ ಸುಖ, ಹೆಂಗಸರಿಗೆ ಮಾರುವ ಸುಖ. ತಮಗಿಂತ ಹಿಂದಿನ ಸರಪಂಚರು ಎಂಥ ಮಹಾನುಭಾವರಾಗಿದ್ದರೆಂಬುದು ಅವರು ಹೋದ ಮೇಲೆಯೇ ನನಗೆ ಅರ್ಥವಾದದ್ದು.

ಆಮೇಲೆ ತಾವು ಆರಿಸಿ ಬಂದಿರಿ. ತಾವು ಪುಣೆಯಲ್ಲಿ ಓದಿದವರು, ಊರು ಎಂದರೆ ನಕಾಶೆ ಎಂದು ತಿಳಿದವರು. ಕೆಂಪು ಶಾಯಿಯಲ್ಲಿ ಪೇಟೆ, ಹಸಿರಿನಲ್ಲಿ ಉದ್ಯಾನ, ನೀಲಿಯಲ್ಲಿ ನೀರು, ಕಪ್ಪಿನಲ್ಲಿ ನಾವು. ಅಭ್ಯಾಸಬಲದಿಂದ ನಾನು ಹನ್ನೆರಡನೆಯ ಅರ್ಜಿಯನ್ನು ಕಳಿಸಿದೆ. ಒಂಬತ್ತನೆಯ ದಿನ ಬೆಳಿಗ್ಗೆ ಹೊನ್ನೆಮರದ ಕೆಳಗೆ ಯಾರೂ ಇರಲಿಲ್ಲ.

ತಮ್ಮ ನಕಾಶೆಯ ಪ್ರಕಾರ ಪೇಟೆಯು ಊರಿನಿಂದ ಒಂದು ಮೈಲು ಆಚೆ, ಗಜನಿ ಗದ್ದೆಯ ಅಂಚಿಗೆ ಹೋಯಿತು. ಉಪ್ಪುನೀರು ಬಂದು ಹೋಗುವ ಆ ಬಯಲಿನಲ್ಲಿ ತಗಡಿನ ಚಪ್ಪರವೊಂದನ್ನು ಹಾಕಿಸಿ ತಾವು ರಿಬ್ಬನ್ನು ಕತ್ತರಿಸಿದಿರಿ. ಹೊನ್ನೆಮರದ ಅಡಿಯು ಉದ್ಯಾನವಾಯಿತು. ಉದ್ಯಾನದಲ್ಲಿ ಗಿಡ ಇನ್ನೂ ಬಂದಿಲ್ಲ, ಕಬ್ಬಿಣದ ಒಂದು ಬೆಂಚು ಬಂದಿದೆ. ಮಳೆಗಾಲದ ಮೊದಲ ವಾರ ಬಳಿದ ಅದರ ಹಸಿರು ಬಣ್ಣ ಚೌತಿಯವರೆಗೂ ಒಣಗದೆ ಊರಿನ ನಾಲ್ವರು ಗೃಹಸ್ಥರ ಧೋತರಗಳನ್ನು ಉದ್ಯಾನಮಯ ಮಾಡಿತು. ಅವರು ಅಲ್ಲಿ ಕೂಗಾಡುತ್ತ ಇಸ್ಪೀಟು ಆಡುತ್ತಾರೆ. ಸುಬ್ಬಿಯ ಗಂಟಲಿಗೆ ಕನಿಷ್ಠ ಹರಿವೆ ಸೊಪ್ಪಿನ ನೆಪವಿತ್ತು.

ಇಷ್ಟಾದರೆ ನಾನು ಸಹಿಸುತ್ತಿದ್ದೆ, ಮಾನ್ಯರೇ. ಆದರೆ ನನ್ನ ಪತ್ನಿ ಗೋದಾವರಿಯ ವಿಷಯ ಬೇರೆ.

ಗೋದಾವರಿಯ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷಗಳಾದವು. ಬೆಳಕು ಕತ್ತಲೆ ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಬೆಳಿಗ್ಗೆ ಅವಳು ಜಗಲಿಗೆ ಬಂದು ಕೂತರೆ ಸುಬ್ಬಿ ಬುಟ್ಟಿಯನ್ನೇ ಎತ್ತಿಕೊಂಡು ಬಂದು, "ಒಡತೀ, ಮುಟ್ಟಿ ನೋಡಿ, ಎಳೇ ಬಸಳೆ ಹೌದೋ ಅಲ್ಲೋ ನೀವೇ ಹೇಳಿ" ಎನ್ನುತ್ತಿದ್ದಳು. ಗೋದಾವರಿ ಮುಟ್ಟಿ ಹೇಳುತ್ತಿದ್ದಳು. ಕಾಮಿಯ ಸೊಸೆ ಬಸುರಾದದ್ದು, ಅಗಸೂರಿನಲ್ಲಿ ಯಾರ ಗದ್ದೆಗೆ ಹಂದಿ ನುಗ್ಗಿದ್ದು, ಎಲ್ಲವೂ ಈ ಜಗಲಿಗೆ ಬರುತ್ತಿತ್ತು. ನಾನು ಒಳಗೆ ಕೂತು ಅದೇ ಹೊತ್ತಿಗೆ ಅರ್ಜಿ ಬರೆಯುತ್ತಿದ್ದೆ. ಅದನ್ನು ಅವಳಿಗೆ ಹೇಳಿರಲಿಲ್ಲ.

ಹೆಂಗಸರು ಬಾರದ ದಿನ ಅವಳು, "ಇವತ್ತೇನು ಹಬ್ಬವಾ?" ಎಂದು ಕೇಳಿದಳು. ಪಂಚಾಯತಿಯ ಠರಾವಿನ ಪ್ರಕಾರ ಪೇಟೆ ಬೇರೆ ಕಡೆ ಹೋಗಿದೆ ಎಂದೆ. ಸುಳ್ಳಲ್ಲ. ಆಮೇಲೆ ಅವಳು ದಿನವೂ ಜಗಲಿಗೆ ಬಂದು ಕೂರುವಳು, ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳುವಳು, ಎದ್ದು ಒಳಗೆ ಹೋಗುವಳು. ಹದಿನೈದು ದಿನಗಳ ಮೇಲೆ ಹೊರಗೆ ಬರುವುದನ್ನೇ ಬಿಟ್ಟಳು. ಮನೆ ನಾನು ಹನ್ನೆರಡು ಅರ್ಜಿಗಳಲ್ಲಿ ಬೇಡಿದಷ್ಟು ಶಾಂತವಾಯಿತು.

ಆಗಲೇ ತಮ್ಮ ಗುಮಾಸ್ತ ನಾಗು ಒಂದು ಕಾಗದ ಹಿಡಿದು ಬಂದ. ನಾನು ಬಾವಿಕಟ್ಟೆಯಲ್ಲಿದ್ದೆ. ಬಾಗಿಲಿಗೆ ಬಂದ ಗೋದಾವರಿ ಅದೇನು ಕಾಗದವೆಂದು ಕೇಳಿದಳು.

"ಅಮ್ಮಾ, ಇದು ಸಣ್ಣ ಮಾತಲ್ಲ. ಹೊಸ ಪಂಚಾಯ್ತಿ ಬಂದಮೇಲೆ ಮಂಜೂರಾದ ಮೊದಲ್ನೇ ಅರ್ಜಿ ನಿಮ್ಮ ರಾಯರದ್ದು. ಓದಿ ಹೇಳ್ತೆ, ಕೇಳಿ" ಎಂದು ನಾಗು ಎದೆಯುಬ್ಬಿಸಿ ಓದಿದ. ನಾನು ಕೊಡವನ್ನು ಅಲ್ಲೇ ಬಿಟ್ಟು ಓಡಿ ಬರುವಷ್ಟರಲ್ಲಿ, "ಶ್ರೀಯುತ ರಾಯಕರರ ಹನ್ನೆರಡು ಅರ್ಜಿಗಳ ಸಾರವನ್ನು ಮನ್ನಿಸಿ ತರಕಾರಿ ಹೆಂಗಸರನ್ನು ಸ್ಥಳಾಂತರಿಸಲಾಗಿದೆ" ಎಂಬಲ್ಲಿಗೆ ಮುಟ್ಟಿದ್ದ.

ನಾಗು ಹೋದ ಮೇಲೆ ಗೋದಾವರಿ ನಾನು ನಿಂತ ದಿಕ್ಕಿಗೆ ತಿರುಗಿದಳು. ನಮ್ಮ ಮನೆಮಾತು ಕೊಂಕಣಿ. ಅವಳು ಹೇಳಿದ್ದನ್ನು ಕನ್ನಡಕ್ಕೆ ತರುತ್ತಿದ್ದೇನೆ.

"ಹನ್ನೆರಡಾ?" ಎಂದಳು.

ನಾನು ನಾಗು ಬಿಟ್ಟುಹೋದ ಕಾಗದವನ್ನು ಮಡಚತೊಡಗಿದೆ.

"ಕಣ್ಣಿನ ಡಾಕ್ಟರಿಗೆ ಒಂದು ಪತ್ರ ಬರೀರಿ ಅಂತ ಹೋದ ವರ್ಷದಿಂದ ಹೇಳ್ತಾ ಇದ್ದೇನೆ. ಪುರುಸೊತ್ತಿಲ್ಲ ಅಂದ್ರಿ."

ಅಷ್ಟೇ. ಬೈದಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಉತ್ತರ ಬರೆಯುವುದೇ ನನ್ನ ಕಸುಬು. ಅಂದೇ ಮಧ್ಯಾಹ್ನ ಡಾಕ್ಟರರಿಗೆ ಪತ್ರ ಬರೆದೆ. ಆರು ಸಾಲು, ಐದು ನಿಮಿಷ. ದೀಪಾವಳಿ ಕಳೆದ ಮೇಲೆ ಕರೆದುಕೊಂಡು ಬನ್ನಿ, ಪೊರೆ ತೆಗೆಯಬಹುದು ಎಂದು ಅವರಿಂದ ಉತ್ತರವೂ ಬಂದಿದೆ. ಐದು ನಿಮಿಷದ ಕೆಲಸಕ್ಕೆ ಒಂದು ವರ್ಷ ತೆಗೆದುಕೊಂಡ ನನ್ನನ್ನು ತಾವು ಪಂಚಾಯತಿಗೆ ನೇಮಿಸಿಕೊಳ್ಳಬಹುದಿತ್ತು.

ಮರುದಿನ ಅಮಾವಾಸ್ಯೆ. ಕೊಡೆ ಹಿಡಿದು ಗಜನಿಗೆ ಹೋದೆ. ತಮ್ಮ ನಕಾಶೆಯಲ್ಲಿ ನೀರಿಗೆ ನೀಲಿ, ಪೇಟೆಗೆ ಕೆಂಪು ಎಂದು ಸ್ಪಷ್ಟವಾಗಿ ಬರೆದಿದ್ದರೂ ಸಮುದ್ರಕ್ಕೆ ಅಕ್ಷರಜ್ಞಾನವಿಲ್ಲ. ಉಬ್ಬರದ ನೀರು ಚಪ್ಪರದೊಳಗೆ ಪಾದ ಮುಳುಗುವಷ್ಟು ಬಂದಿತ್ತು. ಕಾಮಿಯ ಮೊಗೆಕಾಯಿಗಳು ಒಂದರ ಹಿಂದೆ ಒಂದು ತೇಲಿಕೊಂಡು ಹೊಳೆಯ ಕಡೆಗೆ ಹೊರಟಿದ್ದವು, ಕಾಮಿ ಸೀರೆ ಎತ್ತಿಕಟ್ಟಿ ಅವುಗಳ ಹಿಂದೆ ಓಡುತ್ತಿದ್ದಳು. ಗಿರಾಕಿ ಎಂದರೆ ನಾನೊಬ್ಬನೇ. ಎರಡು ಮೊಗೆಕಾಯಿಗಳನ್ನು ಕೊಡೆಯ ಹಿಡಿಕೆಯಿಂದ ಎಳೆದು ನಾನೂ ಹಿಡಿದು ಕೊಟ್ಟೆ. ಯಾರೂ ನಗಲಿಲ್ಲ.

ಸುಬ್ಬಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಲ್ಲೊಂದರ ಮೇಲೆ ಕೂತಿದ್ದಳು. ನಮ್ಮ ಅಂಗಳಕ್ಕೇ ಬಂದು ಕೂರಿ, ಅದು ನನ್ನ ಸ್ವಂತ ಜಾಗ, ಒಡತಿ ಕಾಯುತ್ತಿದ್ದಾಳೆ ಎಂದೆ.

"ಒಡತಿ ಹ್ಯಾಂಗದಾರೆ?" ಎಂದು ಮೊದಲು ಕೇಳಿದಳು. ಆಮೇಲೆ, "ನಾವು ಬರೂದಿಲ್ಲ ಒಡೆಯಾ. ನಮ್ಮನ್ನ ಓಡ್ಸೂಕೆ ಕಾಗದ ಬರ್ದ್ರಿ. ಕರೂಕೆ ಬಾಯಿಮಾತು ಸಾಕಾ?" ಎಂದಳು.

"ನಿನಗೆ ಓದಲು ಬರುವುದಿಲ್ಲವಲ್ಲ ಸುಬ್ಬೀ."

"ನಂಗೆ ಬರೂದು ಬ್ಯಾಡ. ಪಂಚಾಯ್ತಿಯವ್ರಿಗೆ ಬರ್ತದಲ್ಲ? ಅವ್ರಿಗೇ ಬರೀರಿ, ತಪ್ಪು ನಂದು ಅಂತ."

ಹೀಗಾಗಿ ನಾನು ಹದಿಮೂರನೆಯ ಅರ್ಜಿ ಬರೆದೆ. ಮೊದಲಿನ ಹನ್ನೆರಡೂ ಅರ್ಜಿಗಳು ಅವಿವೇಕದಿಂದ ಹುಟ್ಟಿದವೆಂದೂ, ಪೇಟೆಯನ್ನು ಹೊನ್ನೆಮರದ ಕೆಳಗೆ ಮರಳಿ ತರಬೇಕೆಂದೂ, ತಪ್ಪು ಪೂರ್ತಿ ನನ್ನದೆಂದೂ ಬರೆದೆ. ಜೀವಮಾನದಲ್ಲಿ ನಾನು ಬರೆದ ನಿಜವಾದ ಅರ್ಜಿ ಅದೊಂದೇ. ಎರಡು ತಿಂಗಳ ಮೇಲೆ ತಮ್ಮ ಉತ್ತರ ಬಂತು: ನಕಾಶೆಗೆ ಈಗಾಗಲೇ ವಾರ್ನಿಷ್ ಆಗಿರುವುದರಿಂದ ಬದಲಾವಣೆ ಸಾಧ್ಯವಿಲ್ಲ.

ಆ ಉತ್ತರವನ್ನು ಹಿಡಿದು, ಸುರಿಯುವ ಮಳೆಯಲ್ಲಿ, ಸೋರುವ ಚಪ್ಪರದ ಕೆಳಗೆ, ನಾನು ಎಂಟು ಜನ ಹೆಂಗಸರ ಎದುರು ನಿಂತು ಗಟ್ಟಿಯಾಗಿ ಓದಿದೆ. ವಾರ್ನಿಷ್ ಎಂದರೇನೆಂದು ಬೀರಿ ಎಂಬವಳು ಕೇಳಿದಳು. ಕಾಗದಕ್ಕೆ ಹಚ್ಚುವ ಎಣ್ಣೆ ಎಂದೆ. ಸುಬ್ಬಿ ನಗತೊಡಗಿದಳು. ಕೊರಳಿನ ಮಣಿಸರಗಳೆಲ್ಲ ಕುಲುಕುವಂತೆ ನಕ್ಕಳು, ಎಂಟೂ ಮಂದಿ ನಕ್ಕರು. ಈ ಸಲ ಯಾಕೆಂದು ನನಗೂ ತಿಳಿಯಿತು.

"ನಿಮ್ಮನ್ನೂ ಓಡ್ಸಿ ಬಿಟ್ರಾ?" ಎಂದಳು ಕಣ್ಣೊರೆಸಿಕೊಂಡು. "ಈಗ ನೀವೂ ನಮ್ಮಂಗೇ ಆದ್ರಿ ಒಡೆಯಾ. ನಡೀರಿ, ಬತ್ತೆವು."

ಅಂದಿನಿಂದ ನನ್ನ ಅಂಗಳದಲ್ಲಿ ಬೆಳಿಗ್ಗೆ ಪೇಟೆ ಸೇರುತ್ತದೆ. ಮೊದಲ ದಿನ ಗೋದಾವರಿ ಒಳಗಿನಿಂದ ಗೋಡೆ ಹಿಡಿದು ಬಂದು, ಹೊಸ್ತಿಲಲ್ಲಿ ನಿಂತು, ಒಬ್ಬೊಬ್ಬರ ದನಿ ಕೇಳಿ ಒಬ್ಬೊಬ್ಬರ ಹೆಸರು ಹೇಳಿದಳು. ಒಂದೂ ತಪ್ಪಲಿಲ್ಲ. ನನ್ನ ಹೆಸರನ್ನು ಅವಳು ಹೇಳುವ ಪದ್ಧತಿಯಿಲ್ಲ. ಆದರೆ, "ಅವರಿಗೂ ಒಂದು ಮಣೆ ಹಾಕಿ" ಎಂದಳು. ಎರಡು ತಿಂಗಳಲ್ಲಿ ನನ್ನ ಸಲುವಾಗಿ ಅವಳಾಡಿದ ಮೊದಲ ಮಾತು ಅದು.

ಇದು ತಮ್ಮ ಗಮನಕ್ಕೆ ಬರಲು ತಡವಾಗಲಿಲ್ಲ. ಪರವಾನಿಗೆಯಿಲ್ಲದೆ ಪೇಟೆ ನಡೆಸಿದ್ದೇಕೆ, ಬರುವ ಸೋಮವಾರ ಬಂದು ಸಮಜಾಯಿಷಿ ಹೇಳಿ ಎಂಬ ತಮ್ಮ ನೋಟೀಸು ಮೊನ್ನೆ ತಲುಪಿದೆ. 'ಸಭ್ಯ ನಾಗರಿಕರ ಕರ್ಣಗಳಿಗೆ ಅಸಹನೀಯವಾದ ಹಾಸ್ಯಧ್ವನಿ' ಎಂಬ ಪ್ರಯೋಗವನ್ನು ಓದಿ ಯಾರಪ್ಪಾ ಈ ಪಂಡಿತ ಎಂದು ಬೆರಗಾದೆ. ಆಮೇಲೆ ನೋಡಿದರೆ ಅದು ನನ್ನ ಏಳನೆಯ ಅರ್ಜಿಯ ವಾಕ್ಯ. ಇಡೀ ನೋಟೀಸು ನನ್ನದೇ ಬರವಣಿಗೆ, ನನ್ನ ಒಂದು ಕಾಗುಣಿತದ ತಪ್ಪೂ ಸೇರಿ. ಅದನ್ನು ತಿದ್ದಿ ಇದರೊಡನೆ ಹಿಂದಿರುಗಿಸುತ್ತಿದ್ದೇನೆ.

ಸೋಮವಾರ ನಾನು ಬರುವುದು ಕಷ್ಟ, ಅಂದು ಅಂಗಳದಲ್ಲಿ ಗೆಣಸು ಬರುತ್ತದೆ. ಆದಕಾರಣ ಪಂಚಾಯತಿಯ ಸಭೆಯನ್ನೇ ಇಲ್ಲಿ ನಡೆಸಬೇಕೆಂದೂ, ತಾವು ಪಂಚರೊಡನೆ ಚಾಪೆಯ ಮೇಲೆ ಸುಬ್ಬಿಯ ಬಲಗಡೆ ಕೂರಬೇಕೆಂದೂ ಪ್ರಾರ್ಥಿಸುತ್ತೇನೆ. ಅಮಾವಾಸ್ಯೆ ಹುಣ್ಣಿಮೆಗಳಂದು ಪರವಾನಿಗೆಯಿಲ್ಲದೆ ತಮ್ಮ ಪೇಟೆಗೆ ನುಗ್ಗುವ ಸಮುದ್ರಕ್ಕೂ ಇಂಥದೇ ಒಂದು ನೋಟೀಸು ಕಳಿಸಬೇಕು. ಒಕ್ಕಣೆ ನಾನು ಬರೆದುಕೊಡುತ್ತೇನೆ. ಇವೆರಡೂ ಆಗದಿದ್ದರೆ, ಗೋದಾವರಿಯ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಒಂದು ದಿನ ಆ ನಕಾಶೆಯನ್ನು ಅವಳಿಗೆ ತೋರಿಸಬೇಕು. ನಾಲ್ಕು ಬಣ್ಣಗಳನ್ನು ಒಟ್ಟಿಗೆ ನೋಡದೆ ಅವಳಿಗೆ ಬಹಳ ಕಾಲವಾಯಿತು.

ತಮ್ಮ ಆಡಳಿತದ ವೇಗ ಇನ್ನು ಮೇಲಾದರೂ ಕಡಿಮೆಯಾಗಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ತುಳಸಿದಾಸ ವಿಠೋಬಾ ರಾಯಕರ

ತಾ. ಕ.: ತಮ್ಮ ಮಾತೋಶ್ರೀಯವರು ಒಂದು ತಿಂಗಳಿಂದ ಹಿತ್ತಲ ಬೇಲಿಯ ಸಂದಿನಿಂದ ಬಂದು ನಮ್ಮ ಅಂಗಳದಲ್ಲಿಯೇ ಸೊಪ್ಪು ಒಯ್ಯುತ್ತಿದ್ದಾರೆ. ನಿನ್ನೆ ಹೋಗುವಾಗ, "ನನ್ನ ಮಗನಿಗೆ ಮಾತ್ರ ಹೇಳಬೇಡಿ" ಎಂದು ಕೈಹಿಡಿದು ಕೇಳಿಕೊಂಡರು. ಹಿರಿಯರ ಮಾತನ್ನು ಮೀರುವವನು ನಾನಲ್ಲ. ಇದು ಬಹಿರಂಗ ಪತ್ರವಾದ್ದರಿಂದ, ಊರಿಗೆಲ್ಲ ಹೇಳಿದ್ದೇನೆ, ತಮಗೆ ಹೇಳಿಲ್ಲ.