ಫೇಟಾ ಯಾರ ತಲೆಗೆ?

ಬಿಸಿಲು, ಸಗಣಿ, ಕಸ ಎಲ್ಲವೂ ನಿಯಮದಂತೆ ನಡೆಯುತ್ತವೆ. ಹೊಗಳಿಕೆ ಮಾತ್ರ ಹಾಗೆ ನಡೆಯುವುದಿಲ್ಲ. ನಾನು ದುಡಿದಲ್ಲೆಲ್ಲ ಅದು ಡ್ರಿಲ್ ಮಾಸ್ತರರ ಹಿಂದೆ ಹೋಗುತ್ತಿತ್ತು.

ಎಂಬತ್ತರ ದಶಕದ ಕೊನೆ. ಬಿ.ಎಸ್ಸಿ. ಮುಗಿಸಿ ಸದಲಗಾ ಕಡೆಯ ಒಂದು ಹೈಸ್ಕೂಲಿಗೆ ವಿಜ್ಞಾನ ಶಿಕ್ಷಕನಾಗಿ ಬಂದಿದ್ದೆ. ನಿಸರ್ಗ ಕೆಡಿಸದೆ ಮಾಡಬಹುದಾದ ಉದ್ಯೋಗಗಳನ್ನು ಒಂಬತ್ತನೆಯ ವರ್ಗಕ್ಕೆ ಕಲಿಸಿರೆಂದು ಹೆಡ್‌ಮಾಸ್ತರರು ನನಗೂ ಡ್ರಿಲ್ ಮಾಸ್ತರರಿಗೂ ಕೂಡಿಯೇ ಹೇಳಿದರು. ಯಾರ ಕೆಲಸ ಚಲೋ ಆಗುತ್ತದೋ ಅವರಿಗೆ ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಕೊಲ್ಹಾಪುರದ ಫೇಟಾ, ಅಂದರೆ ಜರಿಯ ರುಮಾಲು, ತಲೆಗೆ ಸುತ್ತುವುದೆಂದೂ ಸಾರಿದರು.

ಆ ಫೇಟಾ ನನಗೆ ಬೇಕಿತ್ತು. ಡ್ರಿಲ್ ಮಾಸ್ತರರಿಗೆ ಸಿಗಬಾರದು ಎಂಬುದು ಅದಕ್ಕಿಂತ ಹೆಚ್ಚು ಬೇಕಿತ್ತು.

ಸೌರ ಒಲೆ

ಮರದ ಪೆಟ್ಟಿಗೆಗೆ ಒಳಗೆ ಕಪ್ಪು ಬಣ್ಣ ಬಳಿದು, ಮುಚ್ಚಳಕ್ಕೆ ದೊಡ್ಡ ಕನ್ನಡಿ ಹಚ್ಚಿ, ಅಂಗಳದಲ್ಲಿ ಅನ್ನಕ್ಕಿಟ್ಟೆ. ಮೊದಲ ದಿನ ಮೋಡ. ಮರುದಿನ ಬಿಸಿಲಿತ್ತು, ಆದರೆ ಬೇಲಿಯಾಚೆಯ ಕೋಳಿ ಪೆಟ್ಟಿಗೆಯ ಮೇಲೆ ಕುಳಿತು ಕನ್ನಡಿಯೊಳಗಿನ ಕೋಳಿಯ ಜತೆ ಜಗಳ ತೆಗೆಯಿತು. ಅಕ್ಕಿ ಅಕ್ಕಿಯಾಗಿಯೇ ಉಳಿಯಿತು.

ಮೂರನೆಯ ದಿನ ಡ್ರಿಲ್ ಮಾಸ್ತರರು ಆ ಕನ್ನಡಿಯ ಮುಂದೆ ನಿಂತು ಕತ್ತರಿಯಿಂದ ಮೀಸೆ ತಿದ್ದುತ್ತಿದ್ದರು. ಹೆಡ್‌ಮಾಸ್ತರರು ಬರುವುದು ಕಂಡು, ಈಗ ಬೈಗುಳ ಬಿತ್ತೆಂದು ನಾನು ಹಿಗ್ಗಿದೆ.

ಹೆಡ್‌ಮಾಸ್ತರರು ನಿಂತು ನೋಡಿದರು. “ಅಂತೂ ಒಬ್ಬರರೆ ಇದನ್ನ ಉಪಯೋಗಕ್ಕ ತಂದ್ರಲ್ಲಪಾ!” ಎಂದರು.

ರವದಿ ಗೊಬ್ಬರ

ಕಬ್ಬು ಕಡಿದ ಮೇಲೆ ಉಳಿಯುವ ಒಣ ಸೋಗೆ, ಅಂದರೆ ರವದಿಯನ್ನು, ಹೊಲದಲ್ಲೇ ಸುಡುವುದು ನಮ್ಮ ಕಡೆಯ ರೂಢಿ. ನಾನು ಅದನ್ನು ಮಕ್ಕಳಿಂದ ತರಿಸಿ, ಕೊಳೆಸಿ, ಗೊಬ್ಬರ ಮಾಡಿಸಿ, ಸಂತೆಯಲ್ಲಿ ಮಾರಲು ಅವರನ್ನೇ ಕೂಡ್ರಿಸಿದೆ.

ಒಬ್ಬ ರೈತ ಮುಷ್ಟಿಯಲ್ಲಿ ಹಿಡಿದು ನೋಡಿ, “ಚಲೋ ಐತ್ರಿ ಮಾಸ್ತರ. ಆದ್ರ ನಮ್ಮ ತಿಪ್ಪೀಗೇ ಜಾಗಾ ಸಾಲವಲ್ದು, ಇದನ್ನೆಲ್ಲಿ ಇಡೂಣು?” ಎಂದು ಹೊರಟುಹೋದ. ಹಳ್ಳಿಯ ಸಂತೆಗೆ ಗೊಬ್ಬರ ತಂದವರು ನಾವೊಬ್ಬರೇ.

ಡ್ರಿಲ್ ಮಾಸ್ತರರು ಅದೇ ಗೊಬ್ಬರವನ್ನು ಸಣ್ಣ ಸಣ್ಣ ಚೀಲಕ್ಕೆ ತುಂಬಿ, ‘ಗುಲಾಬಿ ಟಾನಿಕ್’ ಎಂದು ಹೆಸರಿಟ್ಟು, ಚಿಕ್ಕೋಡಿಯ ಸಾಹೇಬರ ಮನೆಗಳಿಗೆ ಮಕ್ಕಳನ್ನು ಕರೆದೊಯ್ದರು. ಸಂಜೆಗೆ ಖಾಲಿ. ಇದು ಶಾಸ್ತ್ರೀಯ ಹೆಸರಲ್ಲವೆಂದು ನಾನು ಹೆಡ್‌ಮಾಸ್ತರರಿಗೆ ಅರ್ಧ ಗಂಟೆ ವಿವರಿಸಿ ಮನೆಗೆ ಬಂದೆ.

ನಾನು ಬಾಡಿಗೆಗಿದ್ದ ಖೋಲಿಯ ಮಾಲಕರ ಹೆಂಡತಿ ತಮ್ಮ ಗುಲಾಬಿಗೆ ಆ ಟಾನಿಕ್ಕನ್ನೇ ಹಾಕುತ್ತಿದ್ದರು. “ನಿಮ್ಮ ಡ್ರಿಲ್ ಮಾಸ್ತರ ಭಾಳ ಶಾಣ್ಯಾ ಅದಾರ್ರಿ,” ಎಂದರು. “ನೀವೂ ಅವರ ಕಡೆ ಏನರೆ ಕಲೀರಿ.”

ಗೋಬರ್ ಗ್ಯಾಸ್

ಕೊನೆಗೆ ಹಳೆಯ ಡ್ರಮ್ಮಿನಲ್ಲಿ ಸಗಣಿ ಕಲಸಿಟ್ಟು, ಹುಟ್ಟಿದ ಗ್ಯಾಸನ್ನು ಟ್ರ್ಯಾಕ್ಟರ್ ಟ್ಯೂಬಿನಲ್ಲಿ ಹಿಡಿದೆ. ಸ್ನೇಹಸಮ್ಮೇಳನದ ದಿನ ಎಲ್ಲರೆದುರು ದೀಪ ಹತ್ತಿತು. ನೀಲಿ ಜ್ವಾಲೆ. ಚಪ್ಪಾಳೆ. ಹೆಡ್‌ಮಾಸ್ತರರು ಫೇಟಾ ಎತ್ತಿಕೊಂಡು ನಮ್ಮಿಬ್ಬರನ್ನೂ ನೋಡಿದರು.

“ಡ್ರಮ್ ಜೋಡಿಸಿದಾಂವ ನಾನ್ರಿ,” ಎಂದೆ.

“ಟ್ಯೂಬ್ ತಂದಾಂವ ನಾನ್ರಿ,” ಎಂದರು ಡ್ರಿಲ್ ಮಾಸ್ತರರು.

“ಟ್ಯೂಬ್ ಯಾರರೆ ತರ್ತಾರ. ಗ್ಯಾಸ್ ನಂದು.”

“ಟ್ಯೂಬ್ ಇಲ್ಲಂದ್ರ ಗ್ಯಾಸ್ ಏನ್ ಕಿಸೇದಾಗ ಇಟಗೊಂತಿದ್ರೇನ್ರಿ?”

ಜನ ನಗತೊಡಗಿದರು. ವೇದಿಕೆಯ ಮೇಲಿದ್ದ ಶಾಲೆಯ ಚೇರ್ಮನ್ನರು ಕೈಯೆತ್ತಿದರು. “ತಡೀರಿ ಇಬ್ಬರೂ. ಶಗಣಿ ಯಾರದು?”

ಹೆಡ್‌ಮಾಸ್ತರರು ಮೆಲ್ಲಗೆ, “ನಿಮ್ಮ ಎಮ್ಮೀದ್ರಿ,” ಎಂದರು.

“ಮತ್ತ? ಹಿಡಕೊಂಡ ಬರ್ರಿ ಅದನ್ನ!”

ಎಮ್ಮೆ ಬಂತು. ವೇದಿಕೆಯ ಮುಂದೆ ಅದರ ಕೊಂಬಿಗೆ ಫೇಟಾ ಸುತ್ತಿದರು. ಫೇಟಾದ ತುರಾಯಿ ನೆಟ್ಟಗೆ ನಿಂತಿತು. ಗೆದ್ದವರಿಗೆಂದು ತಂದಿದ್ದ ಹಾರವನ್ನು ಅದು ಹಾಕಿಸಿಕೊಳ್ಳುವ ಮೊದಲೇ ತಿಂದಿತು. ಡ್ರಿಲ್ ಮಾಸ್ತರರ ಮುಖ ನೋಡಿದೆ. ನನ್ನದರ ಹಾಗೆಯೇ ಇತ್ತು. ಆ ವರ್ಷ ಮೊದಲ ಬಾರಿಗೆ ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಗಲಿಲ್ಲ. ಇಬ್ಬರಿಗೂ ಎಮ್ಮೆಯ ಮೇಲಾಯಿತು.

ಫೋಟೊದಲ್ಲಾದರೂ ಇರೋಣವೆಂದು ಅದರ ಆಚೆ ಅವರು, ಈಚೆ ನಾನು ನಿಂತು, ಆದಷ್ಟು ಮುಂದೆ ಬಾಗಿದೆವು.

ಫೋಟೊದವನು ಕ್ಯಾಮೆರಾದಿಂದ ತಲೆ ಎತ್ತಿದ. “ಮಾಸ್ತರ, ಇಬ್ಬರೂ ಒಂದೀಟ ಹಿಂದ ಸರೀರಿ. ಎಮ್ಮೀ ಮಾರಿ ಕಾಣವಲ್ದು.”