ಹೇಳಿದ ಕಡೆ ಹಿಡಿಯದ ಮಾವ

ನನ್ನ ಸೋದರಮಾವನ ಮೇಲೆ ಯಾರಾದರೂ ಪೊಲೀಸರಿಗೆ ದೂರು ಕೊಟ್ಟರೆ ಮೊದಲ ಸಾಕ್ಷಿಯಾಗಿ ನಾನೇ ಹೋಗುತ್ತೇನೆ. ಅರವತ್ತೆಂಟು ವರ್ಷದ ಈ ಮನುಷ್ಯ ಒಂದೇ ವರ್ಷದಲ್ಲಿ ನನ್ನ ಮೇಲೆ ಹನ್ನೊಂದು ಸಲ ಹಲ್ಲೆ ನಡೆಸಿದ್ದಾರೆ! ಅದರಲ್ಲೊಂದು ನನ್ನದೇ ಅಡುಗೆಮನೆಯಲ್ಲಿ.

ನಾನು ಮಾಡಿದ ತಪ್ಪೇನು ಹೇಳಿ? ಕರಾಟೆ ತರಗತಿಗೆ ಸೇರಿದ್ದು.

ವೇದಸಂದೂರಿನ ನೂಲಿನ ಗಿರಣಿಯೊಂದರ ಕಚೇರಿಯಲ್ಲಿ ನನ್ನ ಕೆಲಸ, ಮನೆ ದಿಂಡಿಗಲ್ಲಿನಲ್ಲಿ. ಸಂಜೆ ಬಸ್ಸಿಳಿದು ಮನೆಗೆ ನಡೆಯುವಾಗ ಬೈಕಿನವನೊಬ್ಬ ಎರಡು ದಿನ ನನ್ನ ಬೆನ್ನ ಹಿಂದೆಯೇ ಬಂದ. ಮೂರನೆಯ ದಿನ ನಾನು, ಕಲ್ಯಾಣ ಮಂಟಪವೊಂದರ ತಾರಸಿಯ ಮೇಲೆ ಭಾನುವಾರ ನಡೆಯುವ ತರಗತಿಗೆ ಹೆಸರು ಕೊಟ್ಟೆ. ನನಗೆ ನಲವತ್ತೆರಡು, ಅಕ್ಕಪಕ್ಕ ನಿಂತವರು ಏಳನೇ ತರಗತಿಯ ಹುಡುಗಿಯರು. ನಗಬೇಡಿ.

ಸುದ್ದಿ ಕಂಬಂ ಕಣಿವೆಗೆ ತಲುಪಿತು. ಅಲ್ಲಿ ದ್ರಾಕ್ಷಿ ಬೆಳೆಯುವ ಮಾವ ಒಂದು ಬುಟ್ಟಿ ದ್ರಾಕ್ಷಿ ಹೊತ್ತು ಮುಂದಿನ ಭಾನುವಾರವೇ ಹಾಜರು, ನೇರ ತಾರಸಿಗೆ! ಯಾರಾದರೂ ಮಣಿಕಟ್ಟು ಹಿಡಿದರೆ ಬಿಡಿಸಿಕೊಳ್ಳುವುದು ಹೇಗೆಂದು ಮಾಸ್ಟರ್ ತೋರಿಸುತ್ತಿದ್ದರು. ಮಾವನನ್ನು ಕಂಡು ಗೌರವದಿಂದ, "ಬನ್ನಿ ಅಯ್ಯಾ, ಇಲ್ಲಿ ಹಿಡಿಯಿರಿ" ಎಂದು ಕೈ ಚಾಚಿದರು. ಮಾವ ಬುಟ್ಟಿ ಕೆಳಗಿಟ್ಟರು. ಚಾಚಿದ ಕೈಯನ್ನು ಬಿಟ್ಟು ಮಾಸ್ಟರರ ಜುಟ್ಟು ಹಿಡಿದು ಬಗ್ಗಿಸಿ, ಬಹಳ ವಿನಯದಿಂದ ಕೇಳಿದರು: "ಈಗ?"

ಬಗ್ಗಿದಲ್ಲಿಂದಲೇ ಉತ್ತರ ಬಂತು. "ಅಯ್ಯಾ, ಅದು ಆರನೇ ತಿಂಗಳ ಪಾಠ!"

ಹುಡುಗಿಯರೆಲ್ಲ ಬಾಯಿ ಮುಚ್ಚಿಕೊಂಡು ನಕ್ಕರು. ನನಗೆ ತಾರಸಿಯಿಂದ ಹಾರುವಷ್ಟು ಅವಮಾನ. ಮನೆಗೆ ಬಂದ ಮೇಲೆ ಮಾವ ತೀರ್ಪು ಓದಿದರು. ನಮ್ಮ ಮನೆಮಾತು ಮುದ್ದಿನವರನ್ನು 'ಕಣ್ಣು' ಎಂದು ಕರೆಯುವ, ನೂರಾರು ವರ್ಷ ತಮಿಳು ನೀರು ಕುಡಿದು ಬೆಳೆದ ಕನ್ನಡ. ನನ್ನ ಮಗಳಿಗೆ ಅದು ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಮಾವನಿಗೆ ಆಡಲು ಬರುತ್ತದೆ, ನಿಲ್ಲಿಸಲು ಬರುವುದಿಲ್ಲ.

"ಕಣ್ಣು, ಕಳ್ಳ ಬಂದು ಮೊದ್ಲು ಬಗ್ಗಿ ಕೈಮುಗ್ದು ಕುಂಬುಟ್ಟು ಆಮೇಲೆ ಹೊಡೀತಾನಾ? ಇಲ್ಲಿ ಹಿಡೀಲಾ ಅಲ್ಲಿ ಹಿಡೀಲಾ ಅಂತ ನಿನ್ನ ಕೇಳ್ತಾನಾ?"

"ಇನ್ನೇನ್ ಮಾಡ್ಲಿ ಮಾವಾ?"

"ಕೂಗು. ಓಡು. ಅಷ್ಟೇ ತಾನೆ! ಅದ್ಕೆ ಬೆಲ್ಟು ಯಾಕೆ?"

ಅಂದಿನಿಂದ ಶುರುವಾಯಿತು ಪರೀಕ್ಷೆ. ನಾನೂ ಮಾವನೂ ನೆಂಟರ ಮನೆಗೆಂದು ತೇನಿಗೆ ಹೊರಟಿದ್ದೆವು. ದಾರಿಯ ಬಸ್ ನಿಲ್ದಾಣವೊಂದರಲ್ಲಿ ನೀರಿಗಾಗಿ ಇಳಿದಾಗ ಹಿಂದಿನಿಂದ ಯಾರೋ ನನ್ನ ಚೀಲ ಕಿತ್ತುಕೊಂಡರು. ನಾನು ಕಲಿತಂತೆಯೇ ಎಡಗಾಲು ಮುಂದಿಟ್ಟೆ, ಬಲಮುಷ್ಟಿ ಸೊಂಟಕ್ಕೆ ತಂದೆ, ಉಸಿರು ಎಳೆದು "ಹಾ!" ಎಂದು ತಿರುಗಿದೆ. ಎದುರಿಗೆ ಸೌತೆಕಾಯಿ ಮಾರುವ ಅಜ್ಜಿ! ಪಾಪ, ಬುಟ್ಟಿ ಬಿಟ್ಟು ಹಿಂದಕ್ಕೆ ಸರಿದರು. ಮಾವ ಆಗಲೇ ಟೀ ಅಂಗಡಿಯ ಬೆಂಚಿನ ಮೇಲೆ ನನ್ನ ಚೀಲ ತೊಡೆಯಲ್ಲಿಟ್ಟುಕೊಂಡು ಬಜ್ಜಿ ತಿನ್ನುತ್ತಿದ್ದರು. "ಎಷ್ಟ್ಹೊತ್ತು ಕಣ್ಣು! ಕಳ್ಳ ಒಂದು ಟೀನೂ ಕುಡ್ದಾಯ್ತು."

ಅಡುಗೆಮನೆಯಲ್ಲಿ ಹಿಂದಿನಿಂದ ಕುತ್ತಿಗೆ ಹಿಡಿದಾಗ ಮಾತ್ರ ನನ್ನ ಕೈಯ ಬಿಸಿ ಸಾರು ಅವರ ಕಾಲ ಮೇಲೆ ಬಿತ್ತು. ಒಂಟಿಗಾಲಲ್ಲಿ ಕುಣಿಯುತ್ತಾ ಹೇಳಿದರು: "ಇದು ಪರವಾಗಿಲ್ಲ! ಇದು ಪ್ರಾಕ್ಟಿಕಲ್ಲು!"

ಹಾಗೆಂದು ಮಾಸ್ಟರ್ ಸಾಚಾ ಅಂದುಕೊಂಡಿರೇನು? ನನ್ನ ಸಿಟ್ಟು ಅವರ ಮೇಲೂ ಇತ್ತು. 'ಒಬ್ಬ ಹೆಣ್ಣು, ನಾಲ್ವರು ಪುಂಡರು' ಎಂದು ಗೋಡೆಗೆಲ್ಲ ಭಿತ್ತಿಪತ್ರ ಅಂಟಿಸಿದ ಆ ಮಹಾನುಭಾವರು ವರ್ಷದಲ್ಲಿ ನಾಲ್ಕು ತಿಂಗಳು ನನಗೆ ಕಲಿಸಿದ್ದು ಬೀಳುವುದನ್ನು. ಗದ್ದ ಎದೆಗೊತ್ತಿ, ತಲೆ ತಾಗದಂತೆ, ಪಕ್ಕಕ್ಕೆ ಉರುಳಿ ಬೀಳುವುದನ್ನು! ದುಡ್ಡು ಕೊಟ್ಟು ಬೀಳಬೇಕೇ? ನಮ್ಮ ವಂಶದಲ್ಲಿ ಎಲ್ಲರೂ ಪುಕ್ಕಟೆ ಬಿದ್ದವರೇ.

ಮೊನ್ನೆ ಆಷಾಢದಲ್ಲಿ ಮಗಳಿಗೆ ಸೀರೆ ಕೊಳ್ಳಲು ಮಾವನನ್ನೂ ಕರೆದುಕೊಂಡು ಚಿನ್ನಾಳಪಟ್ಟಿಗೆ ಹೋದೆ. ಮಟಮಟ ಮಧ್ಯಾಹ್ನ. ನೇಕಾರರ ಬೀದಿಯಲ್ಲಿ ಸೀರೆಯ ಕಟ್ಟು ಹಿಡಿದು ನಾನು ಮುಂದೆ, ಊರುಗೋಲು ಊರುತ್ತಾ ಮಾವ ಎರಡು ಹೆಜ್ಜೆ ಹಿಂದೆ. ಎದುರಿನಿಂದ ಬೈಕೊಂದು ಬಂತು, ಇಬ್ಬರಿದ್ದರು. ಪಕ್ಕಕ್ಕೆ ಬಂದಾಗ ಹಿಂದೆ ಕೂತವನು ನನ್ನ ತಾಳಿಸರಕ್ಕೆ ಕೈಹಾಕಿ ಎಳೆದ.

ಏನು ಮಾಡಿದೆ ಕೇಳಿ. ಹೊಡೆಯಲಿಲ್ಲ, ತಡೆಯಲಿಲ್ಲ. ಒಂದು ವರ್ಷದ ಗುದ್ದು, ಒದೆತ, ಒಂದೂ ನೆನಪಾಗಲಿಲ್ಲ. ಮಾವನ ಪಾಠವಾದರೂ? ಗಂಟಲಿಂದ ಸ್ವರ ಬಂದರೆ ತಾನೇ ಕೂಗುವುದು, ಕಾಲಿಗೆ ನೆಲ ಸಿಕ್ಕರೆ ತಾನೇ ಓಡುವುದು! ಗದ್ದ ಮಾತ್ರ ತಾನೇ ತಾನಾಗಿ ಎದೆಗೊತ್ತಿಕೊಂಡಿತು. ಸರ ಗದ್ದದಡಿ ಸಿಕ್ಕಿತು, ನಾನು ಪಕ್ಕಕ್ಕೆ ಉರುಳಿ ಬಿದ್ದೆ. ನನ್ನ ಭಾರಕ್ಕೆ ಬೈಕು ಓಲಾಡಿತು, ಅವನ ಕೈ ಜಾರಿತು, ಇಬ್ಬರೂ ಮೂಲೆ ತಿರುಗಿ ಮಾಯವಾದರು. ಸರ ಕುತ್ತಿಗೆಯಲ್ಲೇ ಇತ್ತು. ತಲೆ ಒಡೆದಿರಲಿಲ್ಲ. ಮೊಣಕೈ ಮಾತ್ರ ಸುಲಿದು, ಜಲ್ಲಿಯ ಪುಡಿ ಅಂಟಿ ಧಗಧಗ ಉರಿಯುತ್ತಿತ್ತು.

ಆಮೇಲೆ ಬಂತು ನೋಡಿ, ಸಿಟ್ಟು! ಕಳ್ಳನ ಮೇಲಲ್ಲ, ಮಾವನ ಮೇಲೆ. ಎರಡೇ ಹೆಜ್ಜೆ ಹಿಂದೆ ಕೈಯಲ್ಲಿ ಕೋಲು ಹಿಡಿದು ನಿಂತಿದ್ದರು. ಆ ಕೋಲು ಬೀಸಲು ಇವರಿಗೇನು ದಾಡಿ? ನನ್ನನ್ನು ಹನ್ನೊಂದು ಸಲ ಫೇಲು ಮಾಡಿದವರು! ಮಗ್ಗದ ಮನೆಯ ಹೆಂಗಸೊಬ್ಬರು ನನ್ನನ್ನು ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟರು. ಬೈಗುಳಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡು ತಲೆ ಎತ್ತಿದೆ.

ಮಾವ ಆಗಲೇ ನನ್ನ ಮುಂದೆ ನೆಲದ ಮೇಲೆ ಕೂತಿದ್ದರು. ಹೆಗಲ ಟವೆಲ್ಲನ್ನು ಆ ನೀರಿಗೆ ಅದ್ದಿ ಮೊಣಕೈಯ ಜಲ್ಲಿಯನ್ನು ಒಂದೊಂದೇ ತೆಗೆಯುತ್ತಿದ್ದರು. ಒಂದೊಂದು ಹರಳಿಗೆ ಮೂರು ಸಲ ಪ್ರಯತ್ನ.

"ಕೈ ಬರ್ಲಿಲ್ಲ ಕಣ್ಣು" ಎಂದರು, ನನ್ನ ಮುಖ ನೋಡದೆ. "ಕೋಲು ಕೈಲೇ ಇತ್ತು. ನೀ ಬೀಳೋದ ನೋಡಿದ್ನಾ, ಪಯ ಆಗ್ಬುಡ್ತು. ಕಾಲೂ ಬರ್ಲಿಲ್ಲ, ಕೈಯೂ ಬರ್ಲಿಲ್ಲ."

ಆಮೇಲೆ ಗಾಯದ ಮೇಲೆ ಬಾಯಿಟ್ಟು ಊದತೊಡಗಿದರು. ಉಫ್, ಉಫ್, ಕೂಸಿಗೆ ಊದುವಂತೆ.

ಬೈಯಲು ತೆರೆದ ಬಾಯಿಂದ, "ಉರಿ ನಿಂತೋಯ್ತು ಮಾವಾ" ಎಂದೆ.

ನಿಂತಿರಲಿಲ್ಲ.