ಕೊನೆಯ ಒಂದು ಗೀಟು

ವಸ್ತುಗಳನ್ನು ಜೋಪಾನ ಮಾಡುವುದರಲ್ಲಿ ಸೋಲಾಪುರದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಪೇಸ್ಟಿನ ಟ್ಯೂಬನ್ನು ಲಟ್ಟಣಿಗೆಯಿಂದ ಒತ್ತಿ ಬರಿದು ಮಾಡದೆ ಹೊಸದನ್ನು ತೆಗೆಯುವುದಿಲ್ಲ. ಸ್ಕೂಟರಿನ ಟಾಕಿ ಒಣಗದೆ ಪೆಟ್ರೋಲ್ ಹಾಕಿಸುವುದಿಲ್ಲ. ಇಂಥ ನನ್ನ ಕೈಗೆ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಮೊಬೈಲ್ ಫೋನು ಬಂತು. ನಮ್ಮ ಟಾವೆಲ್ ಪೇಟೆಯಲ್ಲಿ ಆಗ ಅದನ್ನು ಇಟ್ಟುಕೊಂಡವರು ಮೂರೋ ನಾಲ್ಕೋ ಮಂದಿ. ಜೇಬಿನಲ್ಲಿಟ್ಟರೆ ಯಾರಿಗೂ ಕಾಣುವುದಿಲ್ಲವೆಂದು ನಾನು ಕೈಯಲ್ಲೇ ಹಿಡಿದು ತಿರುಗುತ್ತಿದ್ದೆ.

ಮಾರಿದವನು ಒಂದೇ ಮಾತು ಹೇಳಿದ್ದ. "ಶೇಟ್‌ಜಿ, ಪೂರಾ ಖಾಲಿ ಆಗೋತನಕ ಚಾರ್ಜಿಗೆ ಹಚ್ಚಬ್ಯಾಡ್ರಿ. ಅರ್ಧ ಇದ್ದಾಗ ಹಚ್ಚಿದ್ರ ಬ್ಯಾಟರಿಗೆ ಅರ್ಧ ಹೊಟ್ಟೀನ ರೂಢಿ ಆಗತೈತಿ. ಆಯುಷ್ಯ ಕಮ್ಮಿ ಆಗತೈತಿ."

ಇದನ್ನು ನಾನು ವ್ರತದಂತೆ ಪಾಲಿಸಿದೆ; ಪರದೆಯ ಮೇಲೆ ಬ್ಯಾಟರಿ ತೋರಿಸುವ ಗೀಟುಗಳಲ್ಲಿ ಕೊನೆಯದೂ ಅಳಿಯದೆ ಚಾರ್ಜರ್ ಮುಟ್ಟುತ್ತಿರಲಿಲ್ಲ. ನನ್ನ ಹೆಂಡತಿ ಸುಮಿತ್ರಾ ಗುರುವಾರ ಉಪವಾಸ ಮಾಡುತ್ತಾಳೆ. ನಡುನಡುವೆ ಶಾಬೂದಾನಿ ಖಿಚಡಿ, ಬಾಳೆಹಣ್ಣು ನಡೆಯುತ್ತವೆ. ನನ್ನ ಫೋನಿನದು ಹಾಗಲ್ಲ, ಹನಿ ನೀರೂ ಮುಟ್ಟದ ನಿರಂಕಾರ ಉಪವಾಸ!

ಅಷ್ಟರಲ್ಲಿ ಮಗಳ ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಒಂದು ರವಿವಾರಕ್ಕೆ ನಿಗದಿಯಾಯಿತು. ನಮ್ಮಲ್ಲಿ ಹುಡುಗಿಯನ್ನು ಸೋದರಮಾವನೇ ಕೈಹಿಡಿದು ಕರೆತಂದು ಮಣೆಯ ಮೇಲೆ ಕೂರಿಸಬೇಕು. ಸೋದರಮಾವ ಶರಣಪ್ಪ, ಸುಮಿತ್ರಾಳ ಒಬ್ಬನೇ ತಮ್ಮ, ಅಕ್ಕಲಕೋಟದಲ್ಲಿ ಗುಮಾಸ್ತ. ಅವನು ಮೂರು ವರ್ಷದಿಂದ ನಮ್ಮ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ತಪ್ಪು ನನ್ನದೇ. ವಾಸ್ತುಶಾಂತಿಗೆ ಬಂದವರಿಗೆಲ್ಲ ಟೋಪಿ-ಟಾವೆಲ್ ಕೊಟ್ಟು ಮರ್ಯಾದೆ ಮಾಡಿದವನು ಅವನೊಬ್ಬನನ್ನು ಮರೆತಿದ್ದೆ. ಟಾವೆಲ್ ವ್ಯಾಪಾರಿ ಹೆಂಡತಿಯ ತಮ್ಮನಿಗೇ ಟಾವೆಲ್ ಮರೆತ! ಆಮೇಲೆ ಹೋಗಿ ಕೊಡಬಹುದಿತ್ತು. ನಾಳೆ ನಾಳೆ ಅನ್ನುತ್ತ ಮೂರು ವರ್ಷ ದೂಡಿದೆ.

ಸುಮಿತ್ರಾ ಪತ್ರ ಬರೆದಳು. ಉತ್ತರವೂ ಬಂತು: "ರವಿವಾರ ಮುಂಜಾನಿ ಹತ್ತಕ್ಕ ಎಸ್‌ಟಿಡಿ ಬೂತಿನಿಂದ ದಾಜಿ ಮೊಬೈಲಿಗೆ ಫೋನ್ ಮಾಡ್ತೀನಿ. ಅವರು ತಮ್ಮ ಬಾಯಿಲೆ ಬಾ ಅಂದ್ರ ಸಾಕು, ಸಿಕ್ಕ ಬಸ್ಸಿಗೆ ಬರ್ತೀನಿ." ಅಕ್ಕನ ಗಂಡನಿಗೆ ನಮ್ಮ ಕಡೆ ದಾಜಿ ಅನ್ನುತ್ತಾರೆ. ಆ ದಾಜಿ ನಾನೇ.

ಶನಿವಾರ ಸಂಜೆ ಸುಮಿತ್ರಾ ಕೇಳಿದಳು. "ಏನ್ರಿ, ಫೋನ್ ಚಾರ್ಜಿಗೆ ಹಚ್ಚೀರೇನು?"

"ಹೆಂಗ ಹಚ್ಚಲಿ? ಇನ್ನೂ ಒಂದ ಗೀಟ ಐತಿ."

"ಒಂದ ಗೀಟ ಉಳದೈತಿ ಅಂತನ ಹಚ್ಚರಿ ಅನ್ನಾಕತ್ತೀನಿ!"

"ನಿನಗ ಬ್ಯಾಟರಿ ಶಾಸ್ತ್ರ ತಿಳಿಯಂಗಿಲ್ಲ."

"ನನಗ ನನ್ನ ತಮ್ಮ ತಿಳೀತಾನ," ಅಂದು ಒಳಗೆ ಹೋದಳು.

ಆ ಗೀಟನ್ನು ಮುಗಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಗುಂಡಿ ಒತ್ತಿ ಒತ್ತಿ ದೀಪ ಹಚ್ಚಿದೆ. ಇದ್ದ ರಿಂಗ್‌ಟೋನುಗಳನ್ನೆಲ್ಲ ಸಾಲಾಗಿ ಬಾರಿಸಿದೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಗೀಟು ಜಪ್ಪಯ್ಯ ಅನ್ನಲಿಲ್ಲ. ರವಿವಾರ ಬೆಳಿಗ್ಗೆಯೂ ಹಾಗೇ ನಿಂತಿತ್ತು. ಚಾರ್ಜರನ್ನು ಜೇಬಿಗಿಳಿಸಿ ಸಾಖರಪುಡಾ ನಡೆಯುವ ಮಂಗಲ ಕಾರ್ಯಾಲಯಕ್ಕೆ ಹೋದೆ.

ಹತ್ತಕ್ಕೆ ಸರಿಯಾಗಿ ಫೋನು ರಿಂಗಾಯಿತು. ಸುಮಿತ್ರಾ ಓಡಿ ಬಂದು ಪಕ್ಕದಲ್ಲಿ ನಿಂತಳು.

"ದಾಜಿ, ನಾ ಶರಣು. ಆರಾಮ ಅದೀರಿ?"

ಬಾ ಅನ್ನಬೇಕು. ಒಂದೇ ಅಕ್ಷರ. ಆದರೆ ಮೂರು ವರ್ಷದ ಬಿಗುಮಾನ ಬಿಡಲಿಲ್ಲ. ಅದರ ಬದಲು ಬಾಯಿಗೆ ಬಂದದ್ದೇ ಬೇರೆ. "ಎಷ್ಟ ಛಂದ ಕೇಳಸ್ತೈತಿ ನೋಡು! ವೈರ್ ಇಲ್ಲ ಏನಿಲ್ಲ, ಮಂಟಪದಾಗ ನಿಂತ ಮಾತಾಡಾಕತ್ತೀನಿ. ನಿನ್ನಿಯಿಂದ ಒಂದ ಗೀಟಿನ ಮ್ಯಾಲ ನಡದೈತಿ. ಯಾಕಂದ್ರ ನಾ ಪೂರಾ ಖಾಲಿ ಆಗೋತನಕ..."

ಪೂರಾ ಖಾಲಿ ಆಯಿತು!

"ಬಾ ಅಂದ್ರಿ?" ಸುಮಿತ್ರಾ ಕೇಳಿದಳು.

"ಅನ್ನಾವಿದ್ದೆ..."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀವ ಕಟ್ ಮಾಡೀರಿ ಅಂತ ತಿಳಕೊಂತಾನ್ರಿ ಅಂವ," ಅಂದು ಮಗಳಿಗಾಗಿ ಹಾಕಿದ್ದ ಮಣೆಯ ಪಕ್ಕ ಕುಸಿದು ಕೂತಳು.

ನಾನು ಪ್ಲಗ್ಗು ಹುಡುಕಿದೆ. ಮಂಟಪಕ್ಕೆಲ್ಲ ಇದ್ದದ್ದು ಒಂದು. ಅದರಲ್ಲಿ ಸನಾದಿಯ ಕ್ಯಾಸೆಟ್ಟು ನಡೆದಿತ್ತು. ಕಿತ್ತು ಚಾರ್ಜರ್ ಚುಚ್ಚಿದೆ. ಸನಾದಿ ಕುಯ್ ಎಂದು ನಿಂತಿತು. ಬೀಗರೆಲ್ಲ ಒಟ್ಟಿಗೆ ತಿರುಗಿ ನೋಡಿದರು! ನಿರಂಕಾರ ಮಾಡಿದ ಬ್ಯಾಟರಿ ಮಾತ್ರ ಕಣ್ಣು ತೆರೆಯಲಿಲ್ಲ. ಮರಳಿ ಮಾಡೋಣವೆಂದರೆ ಬೂತಿನ ನಂಬರು ಗೊತ್ತಿಲ್ಲ. ಮುಹೂರ್ತ ಹನ್ನೆರಡೂವರೆಗೆ. ನಾನೇ ಹೋಗಿ ಕರೆತರುತ್ತೇನೆಂದು ಸ್ಕೂಟರ್ ಹತ್ತಿ ಅಕ್ಕಲಕೋಟದ ದಾರಿ ಹಿಡಿದೆ.

ಅರ್ಧ ದಾರಿಯಲ್ಲಿ, ವಳಸಂಗದ ಹತ್ತಿರ, ಸ್ಕೂಟರು ಎರಡು ಸಲ ಕೆಮ್ಮಿ ನಿಂತಿತು. ಟಾಕಿ ತೆರೆದು ನೋಡಿದೆ. ನನ್ನ ನಿಯಮದ ಪ್ರಕಾರ ಪೆಟ್ರೋಲ್ ಹಾಕಿಸುವ ಸುಮುಹೂರ್ತ ಈಗ ಒದಗಿ ಬಂದಿತ್ತು!

ರೇಷ್ಮೆ ಅಂಗಿ ತೊಟ್ಟುಕೊಂಡು ಬಿಸಿಲಲ್ಲಿ ಸ್ಕೂಟರ್ ನೂಕುತ್ತಿದ್ದೆ. ಕಣ್ಣಿಗೆ ಬೆವರು ಇಳಿಯುತ್ತಿತ್ತೋ ಮತ್ತೇನೋ, ಎದುರಿನ ರಸ್ತೆ ಕಾಣುತ್ತಿರಲಿಲ್ಲ. ಅಕ್ಕಲಕೋಟದ ಕಡೆಯಿಂದ ಬಂದ ಬಸ್ಸೊಂದು ಮುಂದೆ ಹೋಗಿ ಗಕ್ಕನೆ ನಿಂತಿತು.

"ದಾಜೀ! ಇಲ್ಲೇನ ಮಾಡಾಕತ್ತೀರಿ?" ಶರಣಪ್ಪ ಓಡಿ ಬಂದ. ನನ್ನ ಎರಡೂ ತೋಳು ಹಿಡಿದು ಮೇಲಿಂದ ಕೆಳಗೆ ನೋಡಿದ. "ಮಾತಾಡ್ತಾ ಮಾತಾಡ್ತಾ ಆವಾಜ್ ಬಂದ್ ಆತು. ದಾಜಿಗ ಏನರ ಆತಂತ ಎದಿ ಧಸಕ್ ಅಂತ್ರಿ. ಎದುರಿಗೆ ನಿಂತ ಬಸ್ ಹತ್ತಿಬಿಟ್ಟೆ."

ಕಟ್ ಮಾಡಿದೆನೆಂದು ಅವನಿಗೆ ಹೊಳೆದೇ ಇರಲಿಲ್ಲ. ಬಾ ಅನ್ನಲು ಮೈಲಿಗಟ್ಟಲೆ ಹೊರಟ ನಾನು ಅನ್ನುವ ಮೊದಲೇ ಅವನು ಬಂದುಬಿಟ್ಟಿದ್ದ. ಅವನು ಹೆಗಲ ಮೇಲಿನ ಟಾವೆಲ್ ತೆಗೆದು ನನ್ನ ಕೈಗೆ ಕೊಟ್ಟ. ಸೋಲಾಪುರದ ಟಾವೆಲ್ ವ್ಯಾಪಾರಿ ಅದರಿಂದ ಮುಖ ಒರೆಸಿಕೊಂಡ. ಬೆವರಿಗಿಂತ ನಾಚಿಕೆಯನ್ನೇ ಹೆಚ್ಚು ಒರೆಸಿಕೊಂಡೆ.

ಸ್ಕೂಟರನ್ನು ಪಂಕ್ಚರ್ ಅಂಗಡಿಗೆ ಒಪ್ಪಿಸಿ ಅದೇ ಬಸ್ಸು ಹತ್ತಿದೆವು. ಮುಹೂರ್ತಕ್ಕೆ ಸರಿಯಾಗಿ ಮಗಳು ಮಾವನ ಕೈ ಹಿಡಿದು ಮಣೆಗೆ ಬಂದಳು. ಟೋಪಿ-ಟಾವೆಲ್ ಮೊದಲು ಅವನಿಗೇ ಕೊಟ್ಟೆ.

ಅಂದಿನಿಂದ ಚಾರ್ಜರ್ ಸುಮಿತ್ರಾಳ ವಶವಾಯಿತು. ದೇವರ ದೀಪ ಹಚ್ಚಿದ ಕೂಡಲೇ ಫೋನಿಗೂ ಹಚ್ಚುತ್ತಿದ್ದಳು, ಗೀಟು ಎಷ್ಟೇ ಇರಲಿ. ಬ್ಯಾಟರಿ ಒಂದು ವರ್ಷವೂ ಬಾಳಲಿಲ್ಲ. ಅಂಗಡಿಯವನು, "ರೋಜ್ ಹಚ್ಚಿದ್ರಿ ಹೌದಲ್ರಿ?" ಅಂದ. ನಾನು ದುಡ್ಡು ಎಣಿಸಿ ಹೊಸದು ತಂದೆ.

ಶರಣಪ್ಪ ಈಗಲೂ ರವಿವಾರ ಹತ್ತಕ್ಕೆ ಫೋನು ಮಾಡುತ್ತಾನೆ. ನಾನು ಹಲೋ ಅನ್ನುವುದಿಲ್ಲ, ಮೊದಲು "ಬಾ" ಅನ್ನುತ್ತೇನೆ. ಅವನು ನಗುತ್ತ ಕೇಳುತ್ತಾನೆ: "ಎಷ್ಟ ಗೀಟ ಅದಾವ್ರಿ ದಾಜಿ?"